ಬೆಳಕಿನ ಭಾರ

ಕಟಪಾಡಿಯಿಂದ ತೆಂಕುದಿಕ್ಕಿಗೆ ಹೆದ್ದಾರಿಯಲ್ಲಿ ಪಾಂಗಾಳ, ಕಾಪು, ಉಚ್ಚಿಲಗಳನ್ನು ದಾಟಿ ಪಡುಬಿದ್ರಿಯ ಕಡೆಗೆ ಸಾಗುವವರಿಗೆ ಮೂಡಲ ಬಯಲಿನಾಚೆ ಯೆಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಹೊಗೆಗೊಳವೆ ಕಣ್ಣಿಗೆ ಬೀಳುತ್ತದೆ. ತಲಾ ೬೦೦ ಮೆಗಾವಾಟ್ ಸಾಮರ್ಥ್ಯದ ಎರಡು ಘಟಕಗಳು ಅಲ್ಲಿ ೨೦೧೦ರಿಂದ ೨೦೧೨ರ ಅವಧಿಯಲ್ಲಿ ಕಾರ್ಯಾರಂಭ ಮಾಡಿದವು. ಜಿಲ್ಲೆಯ ಬಡಗು ಭಾಗದಲ್ಲಿ, ಘಟ್ಟದ ಬುಡದ ಹೊಸಂಗಡಿಯಲ್ಲಿ, ವಾರಾಹಿಯ ನೀರು ನೆಲದೊಳಗಿನ ವಿದ್ಯುದಾಗಾರವನ್ನು ಹೊಕ್ಕು ೪೬೦ ಮೆಗಾವಾಟ್‌ವರೆಗೆ ವಿದ್ಯುತ್ತನ್ನು ಹುಟ್ಟಿಸಬಲ್ಲುದು. ಇವೆರಡರ ನಡುವೆ, ಮಣಿಪಾಲದ ಗುಡ್ಡದ ಮೇಲೆ, ೧೯೫೭ರಲ್ಲಿ ಸ್ಥಾಪನೆಯಾದ ತಾಂತ್ರಿಕ ವಿದ್ಯಾಲಯವಿದೆ. ಕಲ್ಲಿದ್ದಲು, ನೀರು, ವಿದ್ಯೆ ಈ ಮೂರೂ ಇಷ್ಟು ಹತ್ತಿರದಲ್ಲಿ ಕೂಡಿಬಂದಿರುವ ಸೀಮೆಗಳು ನಮ್ಮ ನಾಡಿನಲ್ಲಿ ಹೆಚ್ಚಿಲ್ಲ.

ಹೀಗಿದ್ದೂ, ಈ ಸೀಮೆಯ ಹತ್ತನೆಯ ತರಗತಿಯ ಹುಡುಗನೊಬ್ಬನನ್ನು “ಒಂದು ಯೂನಿಟ್ ವಿದ್ಯುತ್ತೆಂದರೆ ಎಷ್ಟಪ್ಪಾ?” ಎಂದು ಕೇಳಿನೋಡಬೇಕು. “ಸಾವಿರ ವಾಟ್ ಸಾಮರ್ಥ್ಯದ ಉಪಕರಣವು ಒಂದು ಗಂಟೆಯಲ್ಲಿ ಬಳಸುವ ಶಕ್ತಿ” ಎಂದು ಅವನು ತಡವರಿಸದೆ ಒಪ್ಪಿಸುತ್ತಾನೆ. ಉತ್ತರ ಸರಿಯಾದುದೇ. “ಅಷ್ಟು ಶಕ್ತಿಯಲ್ಲಿ ನಿಮ್ಮ ಮನೆಯ ಬಾವಿಯಿಂದ ಎಷ್ಟು ಕೊಡ ನೀರನ್ನು ಮೇಲೆತ್ತಬಹುದು?” ಎಂದು ಮುಂದುವರಿಸಿದರೆ ಮಾತು ನಿಲ್ಲುತ್ತದೆ. ಹತ್ತು ಎನ್ನುವವರುಂಟು, ನೂರು ಎನ್ನುವವರುಂಟು. ಲೆಕ್ಕ ಹಾಕಿ ನೋಡೋಣ ಎನ್ನುವವರು ವಿರಳ. ನಾನು ಈ ಪ್ರಶ್ನೆಯನ್ನು ಅನೇಕ ತರುಣ ತರುಣಿಯರ ಮುಂದೆ ಇಟ್ಟಿದ್ದೇನೆ. ಪದವೀಧರರೂ ಅವರಲ್ಲಿ ಇದ್ದರು. ವ್ಯಾಖ್ಯೆ ಬಲ್ಲವರಿಗೆ ಅಳತೆ ತಿಳಿಯದಿರುವ ಈ ಅವಸ್ಥೆಯ ಕುರಿತು ನಾಲ್ಕು ಮಾತುಗಳನ್ನು ಆಡುವುದು ಈ ಬರಹದ ಉದ್ದೇಶ.

ಕನ್ನಡ ಪಾಠ ಹೇಳುವವನಿಗೆ ವಿದ್ಯುತ್ತಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಗೊಡವೆ ಉಂಟಾದುದು ಶಬ್ದಗಳ ಮೂಲಕವೇ. ಬಲ, ಶಕ್ತಿ, ಸಾಮರ್ಥ್ಯ ಇವು ನಮ್ಮ ನಿತ್ಯದ ಮಾತಿನಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥದವು. ಕವಿಯು ಛಂದಸ್ಸಿಗೆ ಒಪ್ಪಿದುದನ್ನು ಆರಿಸಿಕೊಂಡರೆ ಯಾರೂ ಆಕ್ಷೇಪಿಸುವುದಿಲ್ಲ. ವಿಜ್ಞಾನದ ಪಠ್ಯಗಳನ್ನು ಕನ್ನಡದಲ್ಲಿ ರಚಿಸಿದ ಹಿರಿಯರು ಮಾತ್ರ ಇವುಗಳಿಗೆ ಬೇರೆಬೇರೆ ಅಧಿಕಾರಗಳನ್ನು ಹಂಚಿಕೊಟ್ಟರು. ಹಗ್ಗವನ್ನು ಜಗ್ಗುವುದು ಬಲ. ಕೊಡವು ತಳದಿಂದ ಕಟ್ಟೆಗೆ ಬರುವಷ್ಟರಲ್ಲಿ ವ್ಯಯವಾದುದು ಶಕ್ತಿ. ಅದನ್ನು ಎಷ್ಟು ಬೇಗ ವ್ಯಯಮಾಡಿದೆವು ಎಂಬುದು ಸಾಮರ್ಥ್ಯ. ಬಾವಿಕಟ್ಟೆಯ ಬಳಿ ನಿಂತು ಹಗ್ಗ ಹಿಡಿದ ಕೈಗೆ ಈ ಮೂರರ ಭೇದ ಒಂದು ಗಳಿಗೆಯಲ್ಲಿ ಹೊಳೆಯುತ್ತದೆ. ಹಗ್ಗ ಹಿಡಿಯದವನಿಗೆ ಅವು ಪರೀಕ್ಷೆಯ ಮರುದಿನ ಮತ್ತೆ ಒಂದರೊಳಗೊಂದು ಬೆರೆತುಹೋಗುತ್ತವೆ. ನಮ್ಮ ವೃತ್ತಪತ್ರಿಕೆಗಳಲ್ಲಿಯೇ ‘ಇಷ್ಟು ಮೆಗಾವಾಟ್ ವಿದ್ಯುತ್ತನ್ನು ದಿನವೊಂದರಲ್ಲಿ ಬಳಸಲಾಯಿತು’ ಎಂಬಂಥ ವಾಕ್ಯಗಳು ಆಗಾಗ ಅಚ್ಚಾಗುತ್ತವೆ. ಇದು ‘ಉಡುಪಿಗೆ ಗಂಟೆಗೆ ನಲವತ್ತು ಕಿಲೋಮೀಟರು ದೂರ’ ಎಂದಂತೆ. ಬರೆದವರೂ ಓದಿದವರೂ ಇದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಅರ್ಥ ಕಳೆದುಕೊಂಡ ಶಬ್ದವು ಚಲಾವಣೆಯಲ್ಲಿರುವುದು ಭಾಷೆಗೂ ಕೇಡು, ನಾಡಿಗೂ ಕೇಡು.

ಹಿಂದಿನವರಿಗೆ ಶಕ್ತಿಯ ವಿಷಯವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಒರಳುಕಲ್ಲು, ಏತ, ಗಾಣ, ಒಲೆಯ ಸೌದೆ ಇವೇ ಅವರ ಪಾಠಶಾಲೆಯಾಗಿದ್ದವು. ನಮ್ಮ ಕರಾವಳಿಯ ಯಕ್ಷಗಾನವನ್ನೇ ನೋಡಬಹುದು. ಮೊದಲು ದೀವಟಿಗೆಯ ಬೆಳಕಿನಲ್ಲಿ ಆಟ ನಡೆಯುತ್ತಿತ್ತು. ಬೆಳಗಾಗುವವರೆಗೆ ಎಣ್ಣೆ ಎರೆಯುವುದಕ್ಕಾಗಿಯೇ ಜನ ಇರಬೇಕಾಗಿತ್ತು. ಆಮೇಲೆ ಗ್ಯಾಸ್‌ಲೈಟು ಬಂದಿತು. ಅದು ಮಂಕಾದಾಗಲೆಲ್ಲ ಒಬ್ಬನು ಎದ್ದು ಗಾಳಿ ಹೊಡೆಯುತ್ತಿದ್ದನು. ದೇವಿಯ ಕಿರೀಟ ಹೊಳೆಯಬೇಕಾದರೆ ಯಾರದೋ ತೋಳು ದಣಿಯಬೇಕು ಎಂಬುದು ಸಭೆಯಲ್ಲಿದ್ದ ಮಗುವಿಗೂ ಕಾಣುತ್ತಿತ್ತು. ವಿದ್ಯುದ್ದೀಪ ಬಂದ ಮೇಲೆ ರಂಗಸ್ಥಳ ಬೆಳಗಿತು, ದಣಿಯುವ ತೋಳು ಮರೆಯಾಯಿತು.

ಈ ಮರೆಯಾಗುವಿಕೆಯು ಕನ್ನಡನಾಡಿನಲ್ಲಿ ಆರಂಭವಾದುದು ೧೯೦೨ರಲ್ಲಿ. ಶಿವನಸಮುದ್ರದ ಬಳಿ ಕಾವೇರಿಯ ನೀರು ತಿರುಗಿಸಿದ ಯಂತ್ರಗಳ ವಿದ್ಯುತ್ತು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಹರಿಯಿತು. ೧೯೦೫ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ೧೯೪೮ರಲ್ಲಿ ಜೋಗದ ನೀರು ದುಡಿಮೆಗೆ ಇಳಿಯಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಹಿಂದೆ ಶರಾವತಿ ಕಟ್ಟಿನಿಂತಳು. ಇವು ನಾಡು ಹೆಮ್ಮೆಪಡತಕ್ಕ ಸಾಹಸಗಳು. ಆದರೆ ಅಂದಿನಿಂದ ಬೆಳಕನ್ನು ಹುಟ್ಟಿಸುವ ಊರು ಬೇರೆ, ಅನುಭವಿಸುವ ಊರು ಬೇರೆ ಎಂದಾಯಿತು. ಶರಾವತಿಯ ಹಿನ್ನೀರಿನಲ್ಲಿ ಮನೆ, ತೋಟ, ಗುಡಿಗಳನ್ನು ಕಳೆದುಕೊಂಡವರ ಬಾಳನ್ನು ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಮೊದಲಾದ ಕಾದಂಬರಿಗಳಲ್ಲಿ ಚಿತ್ರಿಸಿದ್ದಾರೆ. ಬೆಳಕಿಗೂ ಒಂದು ಭಾರವಿದೆ, ಅದನ್ನು ಯಾರೋ ಹೊತ್ತಿರುತ್ತಾರೆ ಎಂಬುದನ್ನು ನಮ್ಮ ಸಾಹಿತ್ಯವು ಹೀಗೆ ಅರಿತು ಹೇಳಿತು. ಅದನ್ನು ನಮ್ಮ ಶಾಲೆಯೂ ಅಳೆದು ತೋರಿಸಬೇಕಾಗಿತ್ತು.

ಅಳೆಯುವುದಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಹಳೆಯ ಸೈಕಲ್ಲುಗಳ ಚಕ್ರಕ್ಕೆ ಒರಗಿಸಿರುತ್ತಿದ್ದ ಡೈನಮೊ ಹಲವು ಮನೆಗಳ ಅಟ್ಟದಲ್ಲಿ ಇಂದಿಗೂ ಸಿಕ್ಕೀತು. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಡೈನಮೊವನ್ನು ಚಕ್ರಕ್ಕೆ ತಾಗಿಸಿ, ದೀಪದ ತಂತಿಯನ್ನು ಬಿಡಿಸಿಟ್ಟು, ಪೆಡಲನ್ನು ಕೈಯಿಂದ ತಿರುಗಿಸಬೇಕು. ಅನಂತರ ತಂತಿಯನ್ನು ಜೋಡಿಸಿ ಅದೇ ವೇಗದಲ್ಲಿ ತಿರುಗಿಸಬೇಕು. ದೀಪ ಹೊತ್ತಿಕೊಳ್ಳುತ್ತದೆ, ಅದೇ ಕ್ಷಣದಲ್ಲಿ ಪೆಡಲು ಭಾರವಾಗುತ್ತದೆ. ಸೈಕಲ್ಲು ಅದೇ, ಚಕ್ರ ಅದೇ, ಕೈಯೂ ಅದೇ. ಹೆಚ್ಚಾದ ಭಾರ ಎಲ್ಲಿಂದ ಬಂದಿತು? ಸುರುಳಿಯಲ್ಲಿ ಪ್ರವಾಹ ಹರಿದೊಡನೆ ಅದು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯತೊಡಗುತ್ತದೆ. ಆ ತಡೆಯನ್ನು ಮೀರಿ ತಿರುಗಿಸುವುದಕ್ಕಾಗಿ ಕೈ ವ್ಯಯಿಸಿದುದೇ ಬೆಳಕಾಗಿ ಹೊರಬರುತ್ತದೆ. ಯೆಲ್ಲೂರಿನಲ್ಲಿ ಆವಿಯೂ, ಹೊಸಂಗಡಿಯಲ್ಲಿ ನೀರೂ ಮಾಡುತ್ತಿರುವುದು ಇದೇ ಕೆಲಸವನ್ನು. ಕಟಪಾಡಿಯ ಮನೆಯೊಂದರಲ್ಲಿ ಗುಂಡಿ ಒತ್ತಿದೊಡನೆ ದೂರದ ಯಾವುದೋ ಚಕ್ರದ ಮೇಲೆ ಅಷ್ಟರಮಟ್ಟಿನ ಭಾರ ಏರುತ್ತದೆ. ಈ ಒಂದು ಸಂಗತಿಯನ್ನು ಕೈಯಿಂದ ಅರಿತ ಹುಡುಗಿ ‘ಶಕ್ತಿಯನ್ನು ಸೃಷ್ಟಿಸಲಾಗದು’ ಎಂಬ ಸೂತ್ರವನ್ನು ಉರುಹೊಡೆಯಬೇಕಾದುದಿಲ್ಲ.

ಇನ್ನು ಕೊಡದ ಲೆಕ್ಕ. ಹತ್ತು ಲೀಟರು ನೀರನ್ನು ಹತ್ತು ಮೀಟರು ಆಳದ ಬಾವಿಯಿಂದ ಎತ್ತುವುದಕ್ಕೆ ಸುಮಾರು ೯೮೦ ಜೂಲ್ ಶಕ್ತಿ ಸಾಕು. ಒಂದು ಯೂನಿಟ್ಟಿನಲ್ಲಿ ಇರುವುದು ೩೬ ಲಕ್ಷ ಜೂಲ್. ಭಾಗಿಸಿ ನೋಡಿದರೆ, ಒಂದು ಯೂನಿಟ್ಟು ಸುಮಾರು ೩,೬೭೦ ಕೊಡಗಳಿಗೆ ಸಮ! ನಿಮಿಷಕ್ಕೊಂದು ಕೊಡದಂತೆ ಬಿಡುವಿಲ್ಲದೆ ಸೇದಿದರೂ ಅರವತ್ತು ಗಂಟೆ ಮೀರುವ ದುಡಿಮೆ ಇದು. ಇಸ್ತ್ರಿಪೆಟ್ಟಿಗೆಯೊಂದನ್ನು ಗಂಟೆಯ ಕಾಲ ಕಾಯಿಸಿದರೆ ಮುಗಿದುಹೋಗುವ ಯೂನಿಟ್ಟಿನ ನಿಜವಾದ ಗಾತ್ರ ಅಷ್ಟು. ಸೈಕಲ್ಲನ್ನು ಒಂದೇ ಸಮನೆ ತುಳಿಯುವ ಆರೋಗ್ಯವಂತ ಮನುಷ್ಯ ಹೊರಗೆಡಹಬಲ್ಲುದು ೭೫ ವಾಟಿನ ಆಸುಪಾಸು. ಒಂದು ಯೂನಿಟ್ಟಿಗಾಗಿ ಅವನು ಹದಿಮೂರು ಗಂಟೆಗಿಂತ ಹೆಚ್ಚು ಕಾಲ ತುಳಿಯಬೇಕು. ಈ ಲೆಕ್ಕ ಮಾಡಿದವನು ಮಲಗುವ ಮುಂಚೆ ಫ್ಯಾನು ದೀಪಗಳ ಕಡೆಗೊಮ್ಮೆ ನೋಡದೆ ಇರಲಾರ. ‘ವಿದ್ಯುತ್ತನ್ನು ಮಿತವಾಗಿ ಬಳಸಿರಿ’ ಎಂಬ ಗೋಡೆಬರಹದ ಅಗತ್ಯ ಅವನಿಗಿಲ್ಲ.

ಹಿಂದೆ ತಿಂಗಳ ಬಿಲ್ಲಾದರೂ ಈ ಭಾರವನ್ನು ಸ್ವಲ್ಪಮಟ್ಟಿಗೆ ನೆನಪಿಸುತ್ತಿತ್ತು. ೨೦೨೩ರಲ್ಲಿ ನಮ್ಮ ರಾಜ್ಯದಲ್ಲಿ ‘ಗೃಹಜ್ಯೋತಿ’ ಯೋಜನೆ ಜಾರಿಗೆ ಬಂದಿತು. ಹಿಂದಿನ ಬಳಕೆಯ ಸರಾಸರಿಗೆ ಶೇಕಡ ಹತ್ತನ್ನು ಕೂಡಿಸಿ, ೨೦೦ ಯೂನಿಟ್ಟಿನ ಮಿತಿಯೊಳಗೆ ಮನೆಗಳಿಗೆ ಉಚಿತ ವಿದ್ಯುತ್ತನ್ನು ಅದು ಒದಗಿಸಿತು. ಬಡ ಕುಟುಂಬದ ಮೇಲಿನ ಹೊರೆಯನ್ನು ಇಳಿಸುವ ಯತ್ನವನ್ನು ಹೀಗಳೆಯುವುದು ನನ್ನ ಅಭಿಪ್ರಾಯವಲ್ಲ. ದೀಪದ ಕೆಳಗೆ ಓದುವ ಮಗುವಿಗೆ ಬೆಳಕು ದೊರೆಯಲಿ. ಆದರೆ ೨೦೦ ಯೂನಿಟ್ಟುಗಳೆಂದರೆ ಏಳು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಕೊಡಗಳು. ಅಷ್ಟನ್ನು ಉಚಿತವಾಗಿ ಪಡೆಯುವ ಮನೆಯ ಮಕ್ಕಳಿಗೆ ಅದು ಯಾರ ಬೆವರು, ಯಾವ ನದಿ, ಎಷ್ಟು ಕಲ್ಲಿದ್ದಲು ಎಂಬ ತಿಳಿವಳಿಕೆಯನ್ನಾದರೂ ನಾವು ಕೊಡಬೇಡವೇ? ಬೆಲೆಯು ಕಣ್ಣಿಗೆ ಕಾಣದಂತಾದಾಗ ಮೌಲ್ಯವನ್ನು ತಿಳಿಸಿಕೊಡುವ ಕರ್ತವ್ಯ ಶಾಲೆಯ ಪಾಲಿಗೆ ಬರುತ್ತದೆ.

ಶಾಲೆಯಲ್ಲಿ ನಡೆಯುತ್ತಿರುವುದೇನು? ಓಮ್‌ನ ನಿಯಮ, ವಿಭವಾಂತರ, ರೋಧ ಇವುಗಳನ್ನು ಹಲಗೆಯ ಮೇಲೆ ಬರೆದು, ಲೆಕ್ಕ ಮಾಡಿಸಿ, ಅಂಕ ಗಳಿಸಿಕೊಡುವುದರಲ್ಲಿ ನಮ್ಮ ಉಪಾಧ್ಯಾಯರು ಸಮರ್ಥರೇ. ವರ್ಷಕ್ಕೊಮ್ಮೆ ವಿಜ್ಞಾನ ಪ್ರದರ್ಶನವೂ ಉಂಟು. ಅಲ್ಲಿ ಥರ್ಮೋಕೋಲಿನ ಗುಡ್ಡದ ಮೇಲೆ ಗಾಳಿಯಂತ್ರವೊಂದು ಗಿರಗಿರನೆ ತಿರುಗುತ್ತಿರುತ್ತದೆ, ಕೆಳಗಿನ ಮನೆಗಳಲ್ಲಿ ದೀಪಗಳು ಉರಿಯುತ್ತಿರುತ್ತವೆ. ಮೇಜಿನ ಅಡಿಯಲ್ಲಿ ಬಗ್ಗಿ ನೋಡಿದರೆ ಬ್ಯಾಟರಿಯೊಂದು ದೀಪವನ್ನೂ ಉರಿಸುತ್ತಿರುತ್ತದೆ, ಗಾಳಿಯಂತ್ರವನ್ನೂ ತಿರುಗಿಸುತ್ತಿರುತ್ತದೆ! ಕಾರಣವೇ ಕಾರ್ಯವಾಗಿ, ಕಾರ್ಯವೇ ಕಾರಣವಾಗಿ, ವಿಜ್ಞಾನವು ತಲೆಕೆಳಗಾಗಿ ನಿಂತಿರುತ್ತದೆ. ಇಂಥ ಮಾದರಿಗಳನ್ನು ಅಂಗಡಿಯಿಂದ ತರುವವರೂ ಉಂಟು, ತಂದೆತಾಯಿಗಳು ರಾತ್ರಿಯಿಡೀ ಕುಳಿತು ಮಾಡಿಕೊಡುವುದೂ ಉಂಟು. ಮಕ್ಕಳು ಬರೆದುಕೊಂಡ ವಾಕ್ಯಗಳನ್ನು ಆಂಗ್ಲದಲ್ಲಿಯೋ ಕನ್ನಡದಲ್ಲಿಯೋ ಒಪ್ಪಿಸುತ್ತಾರೆ; ತೀರ್ಪುಗಾರರು ಮುಂದಿನ ಮೇಜಿಗೆ ಸರಿಯುತ್ತಾರೆ. ಬಿದಿರಿನ ಒಂದು ಎಲೆಚಕ್ರವನ್ನು ಸಮುದ್ರದ ಗಾಳಿಗೆ ಒಡ್ಡಿ, ಅದು ತಿರುಗಿಸಿದ ಆಟಿಕೆಯ ಮೋಟಾರಿನಿಂದ ಮಿಣುಕೆನ್ನುವಷ್ಟು ಬೆಳಕನ್ನು ಪಡೆದ ಮಗುವಿನ ಕೆಲಸ ಇದಕ್ಕಿಂತ ನೂರು ಪಾಲು ಮೇಲು. ಆದರೆ ಅದು ಪ್ರದರ್ಶನದಲ್ಲಿ ಅಂದವಾಗಿ ಕಾಣುವುದಿಲ್ಲ.

ಪಠ್ಯದ ಕಡೆಗೆ ತಿರುಗಿದರೂ ಸಮಾಧಾನವಿಲ್ಲ. ಎನ್.ಸಿ.ಇ.ಆರ್.ಟಿ. ಸಂಸ್ಥೆಯು ೨೦೨೩ರಲ್ಲಿ ಹೊರತಂದ ಪರಿಷ್ಕೃತ ಪುಸ್ತಕಗಳಲ್ಲಿ ಹತ್ತನೆಯ ತರಗತಿಯ ವಿಜ್ಞಾನದಿಂದ ‘ಶಕ್ತಿಯ ಆಕರಗಳು’ ಎಂಬ ಅಧ್ಯಾಯವನ್ನೇ ಕೈಬಿಟ್ಟಿತು. ವಿದ್ಯಾರ್ಥಿಗಳ ಹೊರೆ ತಗ್ಗಿಸುವುದು ಅದಕ್ಕೆ ಹೇಳಿದ ಕಾರಣ. ಕಲ್ಲಿದ್ದಲು, ಸೂರ್ಯ, ಗಾಳಿ, ಪರಮಾಣು ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಜಗತ್ತೇ ತಲೆಕೆಡಿಸಿಕೊಂಡಿರುವ ಕಾಲದಲ್ಲಿ, ಮುಂದೆ ಆರಿಸಬೇಕಾದವರಿಂದಲೇ ಆ ಅಧ್ಯಾಯವನ್ನು ದೂರಮಾಡಿದುದು ವಿವೇಕವೆಂದು ನನಗೆ ತೋರುವುದಿಲ್ಲ.

ಕೈಯಿಂದ ಕಲಿಯುವ ಮಾರ್ಗ ನಮಗೆ ಹೊಸದಲ್ಲ. ೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದ ತಿರುಳು ಅದೇ ಆಗಿತ್ತು: ಕಸುಬಿನ ಮೂಲಕವೇ ಗಣಿತವೂ ಭಾಷೆಯೂ ವಿಜ್ಞಾನವೂ ಬರಬೇಕು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಕಟ್ಟುವುದಕ್ಕೆ ಬಂದ ಪುಸ್ತಕಗಳಲ್ಲಿ ವಿದ್ಯುತ್ತಿನ ವಿಷಯವನ್ನು ಓದಿ, ಓದಿದುದನ್ನು ಕೈಯಾರೆ ಮಾಡಿನೋಡುತ್ತ ಬೆಳೆದನು. ಉನ್ನತ ಗಣಿತ ಅವನಿಗೆ ತಿಳಿದಿರಲಿಲ್ಲ; ಆದರೆ ಕಾಂತ ಮತ್ತು ತಂತಿಯ ಸುರುಳಿಯಿಂದ ವಿದ್ಯುತ್ತು ಹುಟ್ಟುವುದನ್ನು ೧೮೩೧ರಲ್ಲಿ ಕಂಡುಹಿಡಿದವನು ಅವನೇ. ನಾವು ಮೇಲೆ ಹೇಳಿದ ಡೈನಮೊವಿನ ಮೂಲಪುರುಷನು ರಟ್ಟು ಕಟ್ಟುವ ಹುಡುಗನೆಂಬುದು ಪುಸ್ತಕಪ್ರಿಯರಾದ ನಮಗೆ ಸಂತೋಷದ ವಿಷಯ.

ನಮ್ಮ ದೇಶದಲ್ಲಿಯೇ, ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ, ೧೯೭೨ರಲ್ಲಿ ಹದಿನಾರು ಹಳ್ಳಿಯ ಶಾಲೆಗಳಲ್ಲಿ ಒಂದು ಪ್ರಯೋಗ ಆರಂಭವಾಯಿತು. ಅಲ್ಲಿಯ ಮಕ್ಕಳಿಗೆ ಕೊಟ್ಟ ವಿಜ್ಞಾನದ ಪುಸ್ತಕದಲ್ಲಿ ಉತ್ತರಗಳಿರಲಿಲ್ಲ, ಮಾಡಬೇಕಾದ ಕೆಲಸಗಳೂ ಪ್ರಶ್ನೆಗಳೂ ಇದ್ದವು. ನಾಲ್ವರು ಒಟ್ಟಿಗೆ ಕುಳಿತು ಮಾಡಿ, ನೋಡಿ, ಬರೆದುಕೊಂಡುದೇ ಪಾಠ. ಪರೀಕ್ಷೆಗೆ ಪುಸ್ತಕವನ್ನೂ ಟಿಪ್ಪಣಿಯನ್ನೂ ಒಯ್ಯಬಹುದಾಗಿತ್ತು; ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಅದು ಸಾವಿರದಷ್ಟು ಶಾಲೆಗಳಿಗೆ ಹಬ್ಬಿ, ಮೂವತ್ತು ವರ್ಷ ನಡೆದು, ೨೦೦೨ರಲ್ಲಿ ಸರಕಾರದ ಆಜ್ಞೆಯಿಂದ ನಿಂತಿತು. ನಿಂತುಹೋದರೂ ಬಡ ಶಾಲೆಗಳಲ್ಲಿ ಇದು ಅಸಾಧ್ಯವೆಂಬ ಮಾತನ್ನು ಅದು ಸುಳ್ಳುಮಾಡಿ ಹೋಗಿದೆ.

ನಮ್ಮ ಮನೆಯಂಗಳದ ಉದಾಹರಣೆ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರದು. ಮಕ್ಕಳಿಗಾಗಿ ಅವರು ೧೯೩೬ರಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಬರೆದು ಕೊಟ್ಟರು, ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನೂ ನಡೆಸಿದರು. ಅದೇ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ೧೯೮೯ರ ಲೋಕಸಭಾ ಚುನಾವಣೆಗೆ ನಿಂತರು. ಗೆಲ್ಲಲಿಲ್ಲ. ಅವರ ನಿಲುವನ್ನು ಒಪ್ಪದವರು ಬಹಳ ಜನ ಇದ್ದರು, ಇಂದಿಗೂ ಇದ್ದಾರೆ. ಕೈಗಾದಲ್ಲಿ ತಲಾ ೨೨೦ ಮೆಗಾವಾಟಿನ ನಾಲ್ಕು ಘಟಕಗಳು ಬಂದಿವೆ. ನಾನು ಇಲ್ಲಿ ಎತ್ತಿ ತೋರಿಸಬಯಸುವುದು ಅವರ ಬಾಳಿನ ಎರಡು ತುದಿಗಳ ನಡುವಿನ ಸಂಬಂಧವನ್ನು. ಮಕ್ಕಳಿಗೆ ವಿಜ್ಞಾನವನ್ನು ಅವರ ಮಾತಿನಲ್ಲೇ ತಿಳಿಸಬೇಕೆಂಬ ಹಟವೂ, ದೇಶದ ಶಕ್ತಿಯ ಪ್ರಶ್ನೆಯನ್ನು ತಜ್ಞರಿಗೆ ಮಾತ್ರ ಬಿಟ್ಟುಕೊಡಲಾಗದೆಂಬ ಹಟವೂ ಒಂದೇ ಬೇರಿನವು.

ಆ ಪ್ರಶ್ನೆ ಇಂದು ನಮ್ಮ ಹೊಸ್ತಿಲಿಗೆ ಬಂದಿದೆ. ಯೆಲ್ಲೂರಿನ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಗಂಟೆಗೆ ಹನ್ನೆರಡು ಲಕ್ಷ ಯೂನಿಟ್ಟುಗಳನ್ನು ಹುಟ್ಟಿಸುತ್ತದೆ. ಯೂನಿಟ್ಟಿಗೆ ಅರ್ಧ ಕಿಲೋಗ್ರಾಮಿನ ಆಸುಪಾಸು ಎಂದು ಹಿಡಿದರೂ ಗಂಟೆಗೆ ಐದಾರು ನೂರು ಟನ್ನು ಕಲ್ಲಿದ್ದಲು ಉರಿಯಬೇಕು. ಅದು ಹೊರದೇಶದಿಂದ ಹಡಗಿನಲ್ಲಿ ಬಂದು, ನವಮಂಗಳೂರು ಬಂದರಿನಿಂದ ರೈಲಿನಲ್ಲಿ ಏರಿ ಬರುವಂಥದು. ಸ್ಥಾವರದ ಸುತ್ತಣ ಊರುಗಳವರು ಧೂಳು, ಹಾರುಬೂದಿಗಳ ವಿಷಯದಲ್ಲಿ ದೂರುತ್ತ ಬಂದಿದ್ದಾರೆ. ಅಲ್ಲಿಂದ ಕಾಸರಗೋಡಿನತ್ತ ಎಳೆಯಹೊರಟ ೪೦೦ ಕಿಲೋವೋಲ್ಟ್ ತಂತಿಮಾರ್ಗಕ್ಕೆ ಕಾರ್ಕಳ ತಾಲೂಕಿನ ಇನ್ನಾ ಮೊದಲಾದ ಕಡೆಗಳ ಕೃಷಿಕರು ಅಡ್ಡನಿಂತರು. ನಾಡಿಗೆ ವಿದ್ಯುತ್ತು ಬೇಕೆಂಬುದೂ ನಿಜ, ತೋಟದ ಮೇಲೆ ತಂತಿ ಹಾದುಹೋಗುವವನ ಸಂಕಟವೂ ನಿಜ. ಈ ಎರಡು ನಿಜಗಳನ್ನು ತೂಗಬೇಕಾದವರು ಮುಂದೆ ಈ ಊರಿನ ಮತದಾರರಾಗುವ ಇಂದಿನ ವಿದ್ಯಾರ್ಥಿಗಳು. ಯೂನಿಟ್ಟಿನ ತೂಕವನ್ನೇ ಅರಿಯದವರ ಕೈಗೆ ಈ ತಕ್ಕಡಿಯನ್ನು ಕೊಟ್ಟರೆ, ಗಟ್ಟಿಯಾಗಿ ಕೂಗಿದವನ ಕಡೆಗೆ ಅದು ವಾಲುತ್ತದೆ.

ಆದುದರಿಂದ ಕೆಲವು ಸೂಚನೆಗಳನ್ನು ಸಹೋದ್ಯೋಗಿಗಳ ಮುಂದೆ ಇಡುತ್ತೇನೆ. ಪ್ರಾಥಮಿಕ ಶಾಲೆಯ ಮಕ್ಕಳು ಬಿಂಬುಳಿಯಿಂದ ಆರಂಭಿಸಲಿ. ಕರಾವಳಿಯ ಹಿತ್ತಿಲುಗಳಲ್ಲಿ ಅದು ಉದುರಿ ಕೊಳೆಯುತ್ತಿರುತ್ತದೆ. ಒಂದು ಕಾಯಿಗೆ ತಾಮ್ರದ ತಂತಿಯನ್ನೂ ಸತು ಲೇಪಿಸಿದ ಮೊಳೆಯನ್ನೂ ಚುಚ್ಚಿದರೆ ಒಂದು ವೋಲ್ಟಿಗಿಂತ ತುಸು ಕಡಿಮೆ ವಿಭವಾಂತರ ಸಿಗುತ್ತದೆ. ನಾಲ್ಕೈದನ್ನು ಸರಣಿಯಾಗಿ ಜೋಡಿಸಿದರೆ ಚಿಕ್ಕ ಎಲ್.ಇ.ಡಿ. ದೀಪ ಕತ್ತಲಲ್ಲಿ ಮಂಕಾಗಿ ಮಿನುಗುತ್ತದೆ. ‘ಬಿಂಬುಳಿಯಲ್ಲಿ ಕರೆಂಟು ಇದೆ’ ಎಂದು ಮಕ್ಕಳು ಕುಣಿಯುತ್ತಾರೆ. ಕುಣಿಯಲಿ. ಆದರೆ ಉಪಾಧ್ಯಾಯರು ಅಲ್ಲಿಗೇ ಬಿಡಬಾರದು. ಕೆಲವು ದಿನಗಳಾದ ಮೇಲೆ ಮೊಳೆಯನ್ನು ಹೊರತೆಗೆದು ನೋಡಿದರೆ ಅದರ ಸತು ಸವೆದಿರುತ್ತದೆ. ಶಕ್ತಿ ಬಂದುದು ಸವೆದ ಸತುವಿನಿಂದ. ಬಿಂಬುಳಿಯ ಹುಳಿರಸ ದಾರಿ ಮಾಡಿಕೊಟ್ಟಿತು ಅಷ್ಟೆ. ಏನೂ ಸವೆಯದೆ ಏನೂ ಬೆಳಗದು ಎಂಬುದನ್ನು ಹತ್ತು ವರ್ಷದ ಮಗುವಿಗೆ ಇದಕ್ಕಿಂತ ಸುಲಭವಾಗಿ ಹೇಳುವ ಬಗೆ ನನಗೆ ತಿಳಿಯದು.

ಪ್ರೌಢಶಾಲೆಯವರು ತಮ್ಮ ಮನೆಯ ಮೀಟರನ್ನು ಓದಲಿ. ಈಗಿನ ಅನೇಕ ಮೀಟರುಗಳ ಮೇಲೆ ಕೆಂಪು ದೀಪವೊಂದು ಮಿಟುಕುತ್ತಿರುತ್ತದೆ. ಯೂನಿಟ್ಟಿಗೆ ಎಷ್ಟು ಮಿಟುಕು ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ೩,೨೦೦ ಎಂದಿದ್ದರೆ, ೬೦ ವಾಟಿನ ಹಳೆಯ ಬಲ್ಬು ಮಾತ್ರ ಉರಿ ಯುವಾಗ ಸುಮಾರು ೧೯ ಸೆಕೆಂಡಿಗೊಮ್ಮೆ, ೯ ವಾಟಿನ ಎಲ್.ಇ.ಡಿ. ಮಾತ್ರ ಉರಿಯುವಾಗ ಎರಡು ನಿಮಿಷಕ್ಕೊಮ್ಮೆ ಅದು ಮಿಟುಕಬೇಕು. ಮೀಟರಿಗೆ ಕೈ ತಾಗಿಸದೆ, ದೂರ ನಿಂತು, ಗಡಿಯಾರ ಹಿಡಿದು ಮಾಡಬಹುದಾದ ಪ್ರಯೋಗವಿದು. ಶಂಕರಪುರದ ಮಲ್ಲಿಗೆ ತೋಟದ ಮನೆಯ ಹುಡುಗಿ ಪಂಪು ನಡೆಯುವ ಗಂಟೆಗಳನ್ನು ಗುರುತು ಹಾಕಿಕೊಳ್ಳಲಿ. ಒಂದು ಅಶ್ವಶಕ್ತಿಯೆಂದರೆ ೭೪೬ ವಾಟ್, ನಷ್ಟವನ್ನೂ ಸೇರಿಸಿದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ಟು. ಮಟ್ಟುವಿನ ಗುಳ್ಳ ಬೆಳೆಯುವ ಮನೆಯ ಹುಡುಗನೂ ತನ್ನ ಗದ್ದೆಯ ಲೆಕ್ಕವನ್ನು ತರಲಿ. ಇಬ್ಬರ ಲೆಕ್ಕವನ್ನು ಹೋಲಿಸುವ ಚರ್ಚೆಯಲ್ಲಿ ಗಣಿತ, ವಿಜ್ಞಾನ, ಸಮಾಜಶಾಸ್ತ್ರ ಮೂರೂ ಬಂದುಹೋಗುತ್ತವೆ.

ಬಿಸಿಲಿನ ಪಾಠವನ್ನು ಕಾಲೇಜಿನವರು ಮಾಡಲಿ. ಅಂಗೈಯಗಲದ ಸೌರಫಲಕವನ್ನೂ, ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರನ್ನೂ ಹಿಡಿದು, ಫಲಕವನ್ನು ತೆಂಕಣಕ್ಕೆ ಮುಖಮಾಡಿ, ನಮ್ಮ ಅಕ್ಷಾಂಶಕ್ಕೆ ಸಮೀಪವಾದ ಹದಿಮೂರು ಡಿಗ್ರಿ ಓರೆಯಲ್ಲಿಟ್ಟು, ಗಂಟೆಗಂಟೆಗೂ ಅಳೆದು ಬರೆಯಲಿ. ಮೇ ತಿಂಗಳ ಪುಟಕ್ಕೂ ಆಷಾಢದ ಪುಟಕ್ಕೂ ಇರುವ ಅಂತರವನ್ನು ಕಂಡವರು ಸೂರ್ಯನನ್ನು ಕುರುಡಾಗಿ ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಹರೀಶ್ ಹಂದೆಯವರು ೧೯೯೫ರಲ್ಲಿ ಸ್ಥಾಪಿಸಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಶಾಲೆಗಳಲ್ಲಿ ಒಂದು ಸೊಗಸಾದ ಏರ್ಪಾಟನ್ನು ಮಾಡಿತು: ಫಲಕ ಶಾಲೆಯಲ್ಲಿ, ದೀಪ ಮಗುವಿನ ಮನೆಯಲ್ಲಿ, ಬ್ಯಾಟರಿಯನ್ನು ಶಾಲೆಗೆ ತಂದು ತುಂಬಿಸಿಕೊಂಡು ಹೋಗಬೇಕು. ರಾತ್ರಿಯ ಬೆಳಕನ್ನು ಬುತ್ತಿಯಂತೆ ಚೀಲದಲ್ಲಿ ಹೊತ್ತೊಯ್ದ ಮಗುವಿಗೆ ಅದರ ಭಾರವನ್ನು ಬೇರೆ ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದುದನ್ನು ಬರೆಯಿಸಬೇಕು. ಇಲ್ಲಿ ಭಾಷೆಯ ಉಪಾಧ್ಯಾಯರಾದ ನಮ್ಮ ಪಾಲೂ ಉಂಟು. ‘ದೀಪ ಉರಿಯಿತು’ ಎಂದು ಮುಗಿಸುವ ಹುಡುಗನಿಂದ ‘ತಂತಿ ಜೋಡಿಸಿದೊಡನೆ ಪೆಡಲು ಬಿಗಿಯಾಯಿತು, ವೇಗ ಕಡಿಮೆ ಮಾಡಿದಾಗ ದೀಪ ಕೆಂಪಾಯಿತು’ ಎಂಬಷ್ಟು ಬರೆಯಿಸಿದರೆ ಅದು ಒಳ್ಳೆಯ ಗದ್ಯವೂ ಹೌದು, ಒಳ್ಳೆಯ ವಿಜ್ಞಾನವೂ ಹೌದು. ಕಂಡುದನ್ನು ಕಂಡಷ್ಟೇ ಹೇಳುವ ಶಿಸ್ತನ್ನು ಕಲಿಸುವ ಪ್ರಬಂಧ ಇದಕ್ಕಿಂತ ಬೇರೆ ಯಾವುದಿದೆ?

ಆಕ್ಷೇಪಗಳಿಲ್ಲದೆ ಇಲ್ಲ. ಮೊದಲನೆಯದು ಅಪಾಯದ್ದು, ಅದು ನ್ಯಾಯವಾದುದೇ. ೨೩೦ ವೋಲ್ಟಿನ ಮನೆಯ ವಿದ್ಯುತ್ತು ಮಕ್ಕಳ ಆಟದ ವಸ್ತುವಲ್ಲ. ಮೇಲೆ ಹೇಳಿದ ಕೆಲಸಗಳೆಲ್ಲ ಶುಷ್ಕಕೋಶ, ಚಿಕ್ಕ ಫಲಕ, ಡೈನಮೊಗಳ ಮಿತಿಯಲ್ಲೇ ನಡೆಯಬೇಕು. ಆದರೆ ಅಜ್ಞಾನವು ರಕ್ಷಣೆಯಲ್ಲ. ಮಳೆಗಾಲದಲ್ಲಿ ತೋಟದ ಮಧ್ಯೆ ಹರಿದುಬಿದ್ದ ತಂತಿಯ ಬಳಿಗೆ ಏಕೆ ಹೋಗಬಾರದು, ಒದ್ದೆಯ ಕೈಯಿಂದ ಗುಂಡಿಯನ್ನು ಏಕೆ ಮುಟ್ಟಬಾರದು, ನೆಲಸಂಪರ್ಕದ ಗುಂಡಿಗೆ ಇದ್ದಿಲನ್ನೂ ಉಪ್ಪನ್ನೂ ಏಕೆ ತುಂಬುತ್ತಾರೆ, ೩೦ ಮಿಲಿಆಂಪಿಯರ್ ಸೋರಿದೊಡನೆ ಪ್ರವಾಹವನ್ನು ಕಡಿಯುವ ಸಾಧನ ಪ್ರತಿ ಮನೆಯಲ್ಲಿ ಏಕೆ ಇರಬೇಕು ಎಂಬುದನ್ನು ಊರಿನ ಲೈನ್‌ಮನ್ ಬಂದು ಹೇಳಲಿ. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಆರರಿಂದ ಎಂಟನೆಯ ತರಗತಿಯವರಿಗೆ ಹತ್ತು ಚೀಲರಹಿತ ದಿನಗಳನ್ನು ಸೂಚಿಸಿದೆ. ನೀತಿಯ ಉಳಿದ ಭಾಗಗಳ ಮೇಲೆ ಏನೇ ವಾದವಿರಲಿ, ಕಸುಬುದಾರನನ್ನು ಗುರುವಾಗಿ ಶಾಲೆಗೆ ಕರೆಯುವ ಈ ಸೂಚನೆ ಯಾವ ಸರಕಾರಕ್ಕೂ ಒಪ್ಪಿಗೆಯಾಗತಕ್ಕದ್ದು.

ಎರಡನೆಯದು ಹಣದ್ದು. ಕೇಂದ್ರ ಸರಕಾರದ ಅಟಲ್ ಟಿಂಕರಿಂಗ್ ಪ್ರಯೋಗಾಲಯಕ್ಕೆ ಶಾಲೆಯೊಂದಕ್ಕೆ ಇಪ್ಪತ್ತು ಲಕ್ಷ ರೂಪಾಯಿ ದೊರೆಯುತ್ತದೆ. ಎಲ್ಲ ಶಾಲೆಗಳಿಗೂ ಅದು ದೊರೆಯುವಂತಿಲ್ಲ. ದೊರೆತಲ್ಲಿಯೂ ಸಾಮಗ್ರಿಯನ್ನು ಒಡೆದೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಫಲವಿಲ್ಲ. ಆಫ್ರಿಕದ ಮಲಾವಿ ದೇಶದ ವಿಲಿಯಂ ಕಾಮ್‌ಕ್ವಾಂಬ ಎಂಬ ಹುಡುಗ, ಕ್ಷಾಮದ ವರ್ಷದಲ್ಲಿ ಶುಲ್ಕ ತೆರಲಾರದೆ ಶಾಲೆ ಬಿಟ್ಟವನು, ಊರಿನ ಚಿಕ್ಕ ಗ್ರಂಥಾಲಯದಲ್ಲಿ ಸಿಕ್ಕ ಒಂದು ಪುಸ್ತಕದ ಚಿತ್ರಗಳನ್ನು ನೋಡಿ, ಗುಜರಿಯ ಸೈಕಲ್ಲು, ಟ್ರಾಕ್ಟರಿನ ಫ್ಯಾನು ಮತ್ತು ಡೈನಮೊ ಕೂಡಿಸಿ ಗಾಳಿಯಂತ್ರ ಕಟ್ಟಿ ಮನೆಗೆ ಬೆಳಕು ತಂದನು. ಅವನಿಗೆ ಒದಗಿದುದು ಗುಜರಿ ಮತ್ತು ಒಂದು ಪುಸ್ತಕ. ಗುಜರಿಗೆ ನಮ್ಮಲ್ಲಿ ಬರವಿಲ್ಲ. ಅಂಥ ಪುಸ್ತಕ, ಅದೂ ಕನ್ನಡದಲ್ಲಿ, ನಮ್ಮ ಪಂಚಾಯತಿಯ ಅರಿವು ಕೇಂದ್ರಗಳ ಕಪಾಟಿನಲ್ಲಿ ಇರಬೇಕು. ಅದರ ಪಕ್ಕದಲ್ಲಿ ಒಂದು ಪೆಟ್ಟಿಗೆಯಲ್ಲಿ ತಂತಿ, ಕಾಂತ, ಮೋಟಾರು, ಮಲ್ಟಿಮೀಟರು ಇರಬೇಕು. ಪುಸ್ತಕದಂತೆಯೇ ಪೆಟ್ಟಿಗೆಯನ್ನೂ ಮಕ್ಕಳು ಮನೆಗೆ ಒಯ್ಯುವಂತಿರಬೇಕು. ಬರೆಯಬಲ್ಲವರು ಈ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮಣಿಪಾಲದ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳೂ ನಮ್ಮ ಕನ್ನಡ ವಿಭಾಗಗಳ ವಿದ್ಯಾರ್ಥಿಗಳೂ ಒಂದು ಮೇಜಿನ ಎರಡು ಬದಿಯಲ್ಲಿ ಕುಳಿತರೆ, ಒಬ್ಬರ ತಿಳಿವಳಿಕೆಯೂ ಇನ್ನೊಬ್ಬರ ಮಾತೂ ಸೇರಿ ಅಂಥದೊಂದು ಪುಸ್ತಕ ಒಂದು ವರ್ಷದಲ್ಲಿ ಸಿದ್ಧವಾದೀತು.

ಮೂರನೆಯ ಆಕ್ಷೇಪ ಕಾಲದ್ದು: ಪಾಠ ಮುಗಿಸುವುದು ಯಾವಾಗ? ಡೈನಮೊ ತಿರುಗಿಸುವುದಕ್ಕೆ ಬೇಕಾದುದು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಉಳಿಸಿಕೊಂಡು ನಾವು ವರ್ಷವಿಡೀ ಹೇಳಿದ ಪಾಠವು ಏಪ್ರಿಲಿನ ಹೊತ್ತಿಗೆ ಎಲ್ಲಿ ಉಳಿದಿರುತ್ತದೆಂಬುದು ಉತ್ತರಪತ್ರಿಕೆ ತಿದ್ದಿದವರಿಗೆಲ್ಲ ಗೊತ್ತು. ಬರುವ ವಾರ ಒಂದು ಶಾಲೆಯ ಒಬ್ಬ ಉಪಾಧ್ಯಾಯರು ಅಟ್ಟದ ಮೇಲಿನ ಡೈನಮೊವನ್ನು ಕೆಳಗಿಳಿಸಿ, ಧೂಳೊರೆಸಿ, ತರಗತಿಗೆ ತರಲಿ. ಮಕ್ಕಳು ಸರದಿಯಂತೆ ಬಂದು ಪೆಡಲು ತಿರುಗಿಸಲಿ. ಉಳಿದುದನ್ನು ಅವರ ಕೈಗಳೇ ಅವರಿಗೆ ಹೇಳುತ್ತವೆ.